ಹೋಗಲಿಕ್ಕೊಂದು ಊರು

ಮೊನ್ನೆ ಪಾಸ್‌ಪೋರ್ಟ್ ನವೀಕರಣಕ್ಕೆಂದು ಗೋಡ್ರೆಜ್ ಕಪಾಟಿನಿಂದ ಹಳೆಯ ಕಡತ ತೆಗೆದೆ. ಜಾತಕ, ಮಕ್ಕಳ ಮಾರ್ಕ್ಸ್‌ಕಾರ್ಡು, ಜಾಗದ ಆರ್‌ಟಿಸಿ ಎಲ್ಲದರ ಅಡಿಯಲ್ಲಿ ಮೂಲೆ ಕತ್ತರಿಸಿದ ನನ್ನ ಮೊದಲ ಪಾಸ್‌ಪೋರ್ಟು. ಅದರೊಳಗೆ ಒಂದು ನೀಲಿ ಏರ್‌ಮೇಲ್ ಕಾಗದ. ಅದನ್ನು ಕಂಡ ಮೇಲೆ ಆ ದಿನ ಬೇರೆ ಕೆಲಸ ಸಾಗಲಿಲ್ಲ.

ಮದುವೆಯಾಗಿ 1985ರಲ್ಲಿ ನಾನು ಹೋದದ್ದು ಕುವೈತಿಗೆ. ಇವರು ಅಲ್ಲೊಂದು ಕಂಪೆನಿಯಲ್ಲಿ ಲೆಕ್ಕ ಬರೆಯುತ್ತಿದ್ದರು. ಹವಲ್ಲಿಯಲ್ಲಿ ನಮ್ಮ ಮನೆ. ಆ ಭಾಗದಲ್ಲಿ ಪ್ಯಾಲೆಸ್ತೀನಿಯರೇ ಹೆಚ್ಚು. ಎದುರು ಬಾಗಿಲಿನವರು ಶಾಲೆಯಲ್ಲಿ ಕಲಿಸುತ್ತಿದ್ದರು. ನನಗಿಂತ ಇಪ್ಪತ್ತು ವರ್ಷಕ್ಕೆ ಹಿರಿಯರು, ನನಗೆ ಕೊನೆಯವರೆಗೂ ಅವರು 'ಟೀಚರ್'. ನನ್ನ ಕೋರಿರೊಟ್ಟಿಯ ಖಾರಕ್ಕೆ ಕಣ್ಣೀರು ಸುರಿಸುತ್ತಲೇ ಮತ್ತೊಮ್ಮೆ ಬಡಿಸಿಕೊಳ್ಳುವವರು.

ಎರಡು ವರ್ಷಕ್ಕೊಮ್ಮೆ ನಾವು ಊರಿಗೆ ಹೊರಡುವಾಗ ಮಕ್ಕಳಿಗೆಂದು ಖರ್ಜೂರ ಕಟ್ಟಿಕೊಡುತ್ತಿದ್ದರು. ತಾವು ಮಾತ್ರ ಎಲ್ಲಿಗೂ ಹೋದದ್ದಿಲ್ಲ. "ರಜೆಯಲ್ಲಿ ತವರಿಗೆ ಹೋಗುವುದಿಲ್ಲವೇ ಟೀಚರ್?" ಎಂದು ಒಮ್ಮೆ ಕೇಳಿಬಿಟ್ಟೆ. ಅವರು ಒಳಗೆ ಹೋಗಿ ತಮ್ಮ ಪ್ರಯಾಣದ ಪುಸ್ತಕ ತಂದು ನನ್ನ ಕೈಯಲ್ಲಿಟ್ಟರು.

ಅದು ಈಜಿಪ್ಟ್ ಸರಕಾರ ಪ್ಯಾಲೆಸ್ತೀನಿ ನಿರಾಶ್ರಿತರಿಗೆ ಕೊಡುವ ಪತ್ರ. ಅವರ ಅಪ್ಪ ಅಮ್ಮ 1948ರಲ್ಲಿ ಯಾಫಾ ಬಿಟ್ಟು ಗಾಜಾಕ್ಕೆ ಓಡಿಬಂದವರು. ಗಾಜಾ ಆಗ ಈಜಿಪ್ಟಿನ ಆಡಳಿತದಲ್ಲಿತ್ತು, ಹಾಗಾಗಿ ಕಾಗದವೂ ಅವರದು. ಟೀಚರ್ ಕೆಲಸಕ್ಕೆಂದು ಕುವೈತಿಗೆ ಬಂದ ಮೇಲೆ 1967ರ ಯುದ್ಧವಾಯಿತು. ಗಾಜಾ ಇಸ್ರೇಲಿನ ಕೈಗೆ ಹೋಯಿತು. ಅವರು ತಲೆ ಎಣಿಸಿದರು. ಎಣಿಸುವ ಹೊತ್ತಿಗೆ ಅಲ್ಲಿಲ್ಲದವರ ಹೆಸರು ಪಟ್ಟಿಗೆ ಸೇರಲಿಲ್ಲ. ಹೆಸರಿಲ್ಲದವರಿಗೆ ಅಲ್ಲಿ ವಾಸದ ಹಕ್ಕಿಲ್ಲ. ಸರಿ, ಪುಸ್ತಕ ಕೊಟ್ಟ ಈಜಿಪ್ಟಿಗಾದರೂ ಹೋಗಬಹುದಲ್ಲ ಎಂದೆ. ಅದಕ್ಕೂ ವೀಸಾ ಬೇಕಂತೆ! ಕಾಗದ ಕೊಟ್ಟವರ ಮನೆಗೇ ಹೊಗ್ಗಲು ಅಪ್ಪಣೆ ಬೇಕೆಂದರೆ ಅದೆಂಥ ಕಾಗದ ಮಾರಾಯ್ತಿ! ಇನ್ನು ಕುವೈತಿನಲ್ಲಿ ಇರುವುದು ಕೆಲಸ ಇರುವಷ್ಟು ದಿನ.

ನಮ್ಮದು ಅಳಿಯಸಂತಾನದ ಮನೆತನ. ಮದುವೆಯಾಗಿ ಎಷ್ಟು ವರ್ಷವಾದರೂ ತರವಾಡು ಮನೆಯ ಮೆಟ್ಟಿಲು ಹತ್ತಿದರೆ 'ಯಾಕೆ ಬಂದೆ' ಎಂದು ಯಾರೂ ಕೇಳುವ ಹಾಗಿಲ್ಲ. ಅಂಥಲ್ಲಿ ಬೆಳೆದ ನನಗೆ ಟೀಚರ ಮಾತು ತಲೆಗೆ ಹೋಗಲೇ ಇಲ್ಲ. ಪಾಸ್‌ಪೋರ್ಟು ಇರುವುದು ಫಾರಿನ್ನಿಗೆ ಹೋಗಲಿಕ್ಕೆ ಎಂದೇ ನಾನು ತಿಳಿದಿದ್ದೆ, ತಿರುಗಿ ಬರಲಿಕ್ಕೆ ಎಂದಲ್ಲ.

1990ರ ಆಗಸ್ಟ್ 2ಕ್ಕೆ ಇರಾಕಿನ ಸೈನ್ಯ ನುಗ್ಗಿತು. ಸೆಪ್ಟೆಂಬರಿನಲ್ಲಿ ನಾವು ಹೊರಟೆವು. ಬಸ್ರಾ, ಬಾಗ್ದಾದ್, ಜೋರ್ಡಾನ್ ಗಡಿಯ ಮರಳಿನಲ್ಲಿ ಡೇರೆ, ಆಮೇಲೆ ಅಮ್ಮಾನಿನಿಂದ ಬೊಂಬಾಯಿಗೆ ವಿಮಾನ. ಸುಮಾರು ಎರಡು ತಿಂಗಳಲ್ಲಿ ಏರ್ ಇಂಡಿಯಾ ಲಕ್ಷಕ್ಕೂ ಮಿಕ್ಕಿ ಜನರನ್ನು ಹೀಗೆ ಕರೆತಂದಿತು. ಕೊಂಕಣ ರೈಲು ಆಗ ಇರಲಿಲ್ಲ. ಬೊಂಬಾಯಿಯಿಂದ ಮಂಗಳೂರಿಗೆ ಬಸ್ಸು. ದಾರಿಯುದ್ದಕ್ಕೂ ನೀರಿಲ್ಲ, ನಿದ್ದೆಯಿಲ್ಲ ಎಂದು ನಾನು ಗೊಣಗಿದ್ದೇ ಗೊಣಗಿದ್ದು.

ಹೊರಡುವ ಬೆಳಿಗ್ಗೆ ಟೀಚರ್ ಒಂದು ಕಟ್ಟು ಖುಬ್ಬೂಸ್, ಒಂದು ಬಾಟ್ಲಿ ಆಲಿವ್ ತಂದುಕೊಟ್ಟರು. ನಾನು ಗೇಟಿನಲ್ಲಿ ನೆಂಟರಿಗೆ ಹೇಳುವಂತೆ, "ನೀವೂ ನಮ್ಮೂರಿಗೆ ಬನ್ನಿ ಟೀಚರ್" ಎಂದೆ. ಅವರು ನಗಲಿಲ್ಲ. "ಕರೆಯುವುದು ನಿನ್ನ ಕೈಲಿದೆ ಮಗಳೇ, ಒಳಗೆ ಬಿಡುವುದು ನಿನ್ನ ಕೈಲಿಲ್ಲ" ಎಂದರು.

ನೀಲಿ ಕಾಗದ ಬಂದದ್ದು 1991ರ ಮಳೆಗಾಲದಲ್ಲಿ. ಫೆಬ್ರವರಿಯಲ್ಲಿ ಕುವೈತ್ ಬಿಡುಗಡೆಯಾಗಿತ್ತು. ಅರಾಫತ್ ಸದ್ದಾಮನ ಪಕ್ಷ ಹಿಡಿದರೆಂಬ ಸಿಟ್ಟು ಏನೂ ಅರಿಯದ ಸಂಸಾರಗಳ ಮೇಲೆ ತಿರುಗಿತ್ತು. ಸುಮಾರು ನಾಲ್ಕು ಲಕ್ಷ ಪ್ಯಾಲೆಸ್ತೀನಿಯರಲ್ಲಿ ಕೊನೆಗೆ ಉಳಿದದ್ದು ಸಣ್ಣದೊಂದು ಪಾಲು ಮಾತ್ರ. ಜೋರ್ಡಾನಿನ ಪಾಸ್‌ಪೋರ್ಟು ಇದ್ದವರು ಜೋರ್ಡಾನಿಗೆ ಹೋದರು. ಟೀಚರಂತೆ ಈಜಿಪ್ಟಿನ ಕಾಗದದವರು ಎಲ್ಲಿಗೆ ಹೋಗಬೇಕು? ಕೆಲಸ ಹೋಗಿದೆ, ಇಲ್ಲಿರಲು ಇನ್ನು ಹೆಚ್ಚು ದಿನವಿಲ್ಲ, ಮಗನಿಗೆ ನಿಮ್ಮ ಮಂಗಳೂರಿನ ಕಾಲೇಜಿನಲ್ಲಿ ಸೀಟು ಸಿಕ್ಕೀತೇ ವಿಚಾರಿಸು, ಎಂದು ಬರೆದಿದ್ದರು.

ವಿಚಾರಿಸಿದೆ. ಒಂದು ಕಾಲೇಜಿನ ಗುಮಾಸ್ತರು ಒಂದೇ ಮಾತು ಕೇಳಿದರು: "ಓದು ಮುಗಿದ ಮೇಲೆ ಹುಡುಗ ಯಾವ ದೇಶಕ್ಕೆ ಹಿಂದೆ ಹೋಗುತ್ತಾನೆ? ಅದರ ಕಾಗದ ಬೇಕು." ಇದನ್ನು ಟೀಚರಿಗೆ ಹೇಗೆ ಬರೆಯುವುದು? ನಾಳೆ ಬರೆದರಾಯಿತು ಎಂದು ಮುಂದೂಡಿದೆ. ಅತ್ತೆಗೆ ಹುಷಾರಿಲ್ಲ, ಮಕ್ಕಳ ಶಾಲೆ; ನೆವಗಳಿಗೇನು ಬರ. ಐದು ತಿಂಗಳ ಮೇಲೆ ಬರೆದ ಕಾಗದ ಅರಬ್ಬಿ ಮುದ್ರೆ ಹೊತ್ತು ನನಗೇ ತಿರುಗಿ ಬಂತು. 1992ರಲ್ಲಿ ಹೊಸ ವೀಸಾದಲ್ಲಿ ಇವರು ಪುನಃ ಕುವೈತಿಗೆ ಹೋದಾಗ ಆ ಮನೆಯಲ್ಲಿ ಬೇರೆಯವರಿದ್ದರು. ಬಾಗ್ದಾದಿಗೆ ಹೋದರು ಎಂದು ಒಬ್ಬರು, ಕೆನಡಾಕ್ಕೆ ಎಂದು ಇನ್ನೊಬ್ಬರು.

ಈಗ ನವೀಕರಣದ ಅರ್ಜಿಯಲ್ಲಿ ಒಂದು ಪ್ರಶ್ನೆಯಿದೆ, ಎಮರ್ಜೆನ್ಸಿ ಸರ್ಟಿಫಿಕೇಟಿನ ಮೇಲೆ ಎಂದಾದರೂ ಭಾರತಕ್ಕೆ ಮರಳಿದ್ದೀರಾ ಎಂದು. ಹಾಗೆಂದರೇನೆಂದು ಮಗಳನ್ನು ಕೇಳಿದೆ. "ಅದು ಪಾಸ್‌ಪೋರ್ಟು ಕಳೆದುಕೊಂಡವರನ್ನೂ ಊರಿಗೆ ಕರೆಸಿಕೊಳ್ಳುವ ಕಾಗದ ಅಮ್ಮಾ, ನಿಮಗೆ ಬೇಡ, ಇಲ್ಲ ಅಂತ ಬರೆಯಿರಿ" ಎಂದಳು.

ಇಲ್ಲ ಎಂದು ಬರೆದೆ. ನೀಲಿ ಕಾಗದವನ್ನು ಹಳೆಯ ಪಾಸ್‌ಪೋರ್ಟಿನೊಳಗೇ ಮಡಚಿ ಇಟ್ಟಿದ್ದೇನೆ.