ನೆಕ್ಕಿ ನೋಡುವ ಕಲೆ

ಮ್ಯೂಸಿಯಂನ ಚಿತ್ರವನ್ನು ಕಣ್ಣಿಂದಷ್ಟೇ ಯಾಕೆ, ನಾಲಿಗೆಯಿಂದಲೂ ಸವಿಯಿರಿ ಎಂಬ ಪ್ರಚಾರ ಹುಚ್ಚುತನವೇ ಸರಿ. ಆದರೆ ಅದರ ಹಿಂದಿನ ದೂರು ಸುಳ್ಳಲ್ಲ. ವಿಜಯಪುರದ ಗೋಳಗುಮ್ಮಟದ ಎದುರಿನ ನಗಾರಖಾನೆಯಲ್ಲಿ 1892ರಿಂದ ಮ್ಯೂಸಿಯಂ ಇದೆ. ಅಲ್ಲಿನ ಶಾಸನ, ಚಿತ್ರ, ಚೀನಿ ಪಿಂಗಾಣಿ ಎಲ್ಲವೂ ನಮಗೆ ಬರೀ ನೋಡುವ ವಸ್ತುಗಳು. ಅರಕೇರಿಯ ಅಮೋಘಸಿದ್ಧ ದೇವರ ಭಂಡಾರದ ಅರಿಷಿಣವೋ ಹಣೆಗೂ ಹತ್ತುತ್ತದೆ, ನಾಲಿಗೆಗೂ ಹತ್ತುತ್ತದೆ. ಭಕ್ತಿಗಿರುವ ಸಲಿಗೆ ಕಲೆಗೇಕಿಲ್ಲ ಎಂದು ಯಾರಾದರೂ ಕೇಳಿದರೆ ತಳ್ಳಿಹಾಕುವುದು ಸುಲಭವಲ್ಲ. ಉತ್ತರ ಇಷ್ಟೇ: ಭಂಡಾರ ತೀರಿದರೆ ಮತ್ತೆ ಅರಿಷಿಣ ಕುಟ್ಟಬಹುದು, ಆದಿಲ್‌ಶಾಹಿ ಕಾಲದ ಚಿತ್ರವನ್ನು ಕುಟ್ಟಿ ತರಲಾಗದು. ಅದೇ ಊರಿನ ಆಸಾರ್ ಮಹಲಿನ ಭಿತ್ತಿಚಿತ್ರಗಳು ಯಾರೂ ನೆಕ್ಕದೆಯೇ ಎಷ್ಟು ಹಾಳಾಗಿವೆ ನೋಡಿ. ಮೇಲಾಗಿ ಹಳೆಯ ಚಿತ್ರಗಳ ಹಳದಿಗೆ ಬಳಸುತ್ತಿದ್ದ ಹರಿತಾಳದಲ್ಲಿ ಆರ್ಸೆನಿಕ್, ಕೆಂಪಿನ ಇಂಗಳೀಕದಲ್ಲಿ ಪಾದರಸ, ಬಿಳಿಯಲ್ಲಿ ಸೀಸ. ರುಚಿ ನೋಡಿದವರು ವಿಮರ್ಶೆ ಬರೆಯಲು ಉಳಿದರೆ ಪುಣ್ಯ!

ಕಲಾವಿದ ಕ್ಯಾಟೆಲಾನ್ ಗೋಡೆಗೆ ಟೇಪಿನಿಂದ ಅಂಟಿಸಿ ಕಲಾಕೃತಿ ಎಂದ ಬಾಳೆಹಣ್ಣನ್ನು ತಿನ್ನಲಿಲ್ಲವೇ ಎನ್ನಬಹುದು. ಹೌದು, 2024ರಲ್ಲಿ 62 ಲಕ್ಷ ಡಾಲರಿಗೆ ಕೊಂಡವನೇ ತಿಂದ. ಆದರೆ ಅಲ್ಲಿ ಮಾರಾಟವಾದದ್ದು ಹಣ್ಣಲ್ಲ, ಪ್ರಮಾಣಪತ್ರ ಮತ್ತು ಅಂಟಿಸುವ ಹಕ್ಕು. ಹಣ್ಣು ಸಂತೆಯಲ್ಲಿ ಮತ್ತೆ ಸಿಗುತ್ತದೆ. ಇಂದ್ರಿಯಗಳ ಹಸಿವು ನಿಜವಾದರೆ ಅದಕ್ಕೆ ಬೇರೆ ದಾರಿಗಳಿವೆ: ಶಾಸನದ ಅಕ್ಷರಗಳ ಮೇಲೆ ಬೆರಳಾಡಿಸಲು ಒಂದು ಪ್ರತಿಕೃತಿಯನ್ನು ನಗಾರಖಾನೆಯ ಬಾಗಿಲಲ್ಲೇ ಇಡಲಿ, ಕಣ್ಣು ಕಾಣದವರೂ ಓದಲಿ.