ಬೆಳಗಿನ ಎಂಟರವರೆಗೆ ವಸಂತ

ಶಿವರಾತ್ರಿ ಕಳೆದರೆ ಚಳಿ ‘ಶಿವ ಶಿವ’ ಎನ್ನುತ್ತಾ ಓಡಿಹೋಗುತ್ತದೆ ಅಂತ ನಮ್ಮ ಕಡೆ ಮಾತು. ಚೆನ್ನೈಯಲ್ಲಿ ಓಡಿಹೋಗಲು ಚಳಿಯೇ ಇರುವುದಿಲ್ಲ. ಅಕ್ಟೋಬರಿನಿಂದ ಡಿಸೆಂಬರಿನವರೆಗೆ ಮಳೆ, ಏಪ್ರಿಲಿನಿಂದ ಬಿಸಿಲು, ಮೇ ತಿಂಗಳಲ್ಲಿ ‘ಕತ್ತಿರಿ ವೆಯಿಲ್’. ನಡುವೆ ಸಿಗುವ ಫೆಬ್ರವರಿ, ಮಾರ್ಚ್ ಬೆಳಗುಗಳೇ ಇಲ್ಲಿಯ ವಸಂತ. ಫೆಬ್ರವರಿಯಲ್ಲಿ ಮುಂಜಾನೆ 22 ಡಿಗ್ರಿ ಆಸುಪಾಸು, ಮಧ್ಯಾಹ್ನ 31. ಎಂಟು ಗಂಟೆಯೊಳಗೆ ಎದ್ದು ಓಡಾಡಿದವರಿಗೆ ಮಾತ್ರ ತಂಪು.

ನಮ್ಮ ಮನೆ ಮೈಲಾಪುರದಲ್ಲಿ, ಕಪಾಲೀಶ್ವರ ದೇವಸ್ಥಾನದ ಪುಷ್ಕರಿಣಿಗೆ ನಡೆದು ಹೋಗುವಷ್ಟು ಹತ್ತಿರ. ಬೀದಿಯ ಹೊಂಗೆಮರ ಹಳೆಯ ಎಲೆ ಉದುರಿಸಿ ಚಿಗುರುತ್ತಿದೆ. ಬೇವು ಇನ್ನೇನು ಹೂ ಬಿಡಬೇಕು. ಈ ಸಲ ಇದನ್ನೆಲ್ಲ ನಾನು ಬಾಲ್ಕನಿಯಿಂದಲೇ ನೋಡುತ್ತಿದ್ದೇನೆ. ಮಳೆಗಾಲದ ಕೊನೆಗೆ ಚಿಕುನ್‌ಗುನ್ಯಾ ಬಂತು. ಜ್ವರ ವಾರದಲ್ಲಿ ಬಿಟ್ಟಿತು, ಕೀಲುನೋವು ಬಿಡಲಿಲ್ಲ. ಕೆಲವರಿಗೆ ಇದು ತಿಂಗಳುಗಟ್ಟಲೆ ಇರುತ್ತದಂತೆ. ಬೆಳಿಗ್ಗೆ ಎದ್ದರೆ ಬೆರಳು ಮಡಚಲಾಗದು.

ಹಾಗಾಗಿ ಮನೆಯ ಬೆಳಗು ಈಗ ನಮ್ಮವರದು. ಚೆನ್ನೈ ಮನೆಗೆಲಸದಲ್ಲಿ ಅರ್ಧ ನೀರಿನದೇ. ಐದೂವರೆಗೆ ಮೋಟರ್ ಹಾಕಿ ಸಂಪಿನ ನೀರು ಮೇಲಕ್ಕೇರಿಸುತ್ತಾರೆ. ನಲ್ಲಿ ಇದ್ದರೂ ಎರಡು ಕೊಡ ತುಂಬಿಸಿಡುತ್ತಾರೆ. 2019ರ ಬೇಸಿಗೆ ಕಲಿಸಿದ ಅಭ್ಯಾಸ ಅದು. ಆ ವರ್ಷ ಪೂಂಡಿ, ಚೋಳವರಂ, ಪುಳಲ್, ಚೆಂಬರಂಬಾಕ್ಕಂ ನಾಲ್ಕೂ ಜಲಾಶಯಗಳು ಹೆಚ್ಚುಕಡಿಮೆ ಬತ್ತಿಹೋಗಿ, ಊರೇ ನೀರಿನ ಲಾರಿಗೆ ಕಾದಿತ್ತು. ಕುಡಿಯುವ ನೀರಿನ 20 ಲೀಟರ್ ಕ್ಯಾನು ಎತ್ತಿ ಕೂರಿಸುವುದೂ ಅವರೇ. ಅರವತ್ತೆರಡರ ಬೆನ್ನಿಗೆ 20 ಕೆಜಿ ಸಣ್ಣ ಭಾರವಲ್ಲ.

ಆಮೇಲೆ ಲೈಟ್‌ಹೌಸ್‌ವರೆಗೆ ವಾಕಿಂಗು. ಬರುವಾಗ ತೆಂಕಣ ಮಾಡ ಬೀದಿಯ ತರಕಾರಿಯವರ ಹತ್ತಿರ ಒಂದು ಕಟ್ಟು ಕೀರೆ. ಸೊಪ್ಪು ಬಿಡಿಸಿ, ಕಾಯಿ ತುರಿದು, ಉಪ್ಪಿನಕಾಯಿ ಭರಣಿಯ ಮುಚ್ಚಳ ಸಡಿಲ ಮಾಡಿಟ್ಟು ಪೇಪರ್ ಹಿಡಿಯುತ್ತಾರೆ. ಆ ಸಡಿಲ ಮುಚ್ಚಳ ನಾನು ಕೇಳಿದ್ದಲ್ಲ. ರಂಗೋಲಿ ಮಾತ್ರ ಅವರಿಗೆ ಬಾರದು. ನಾಲ್ಕು ಚುಕ್ಕಿಯಿಟ್ಟು ಸುತ್ತ ಗೆರೆ ಎಳೆಯುತ್ತಾರೆ. ಹೂವಿನಾಕೆ ನೋಡಿ, “ಸಾರ್ ಪೋಟ್ಟ ಕೋಲಮಾ?” ಎಂದು ನಕ್ಕು ಒಂದು ಮೊಳ ಮಲ್ಲಿಗೆ ಹೆಚ್ಚಿಗೆ ಅಳೆದಳು.

ಕೈ ಸರಿಹೋಗುವವರೆಗೆ ಮೈಸೂರಿಗೆ ಬಂದುಬಿಡು ಅಂತ ಅಕ್ಕ ವಾರಕ್ಕೊಮ್ಮೆ ಫೋನ್ ಮಾಡುತ್ತಾಳೆ. ಅಲ್ಲಿ ತಂಪಿದೆ, ತವರಿದೆ, ಕೆಲಸಕ್ಕೆ ಜನ ಇದ್ದಾರೆ. ಹೋದರೆ ಆರಾಮವೇ. ಆದರೂ ಮನಸ್ಸು ಏಳದು. ಈ ಬೆರಳುಗಳು ಮೊದಲಿನಂತಾಗದಿದ್ದರೆ ಎಂಬ ಹೆದರಿಕೆ ರಾತ್ರಿ ಹತ್ತಿರ ಬರುತ್ತದೆ. ಐದೂವರೆಗೆ ಮೋಟರಿನ ಸದ್ದು ಕೇಳಿದರೆ ದೂರ ಸರಿಯುತ್ತದೆ.

ನಮ್ಮ ತಲೆಮಾರಿನಲ್ಲಿ ಗಂಡನಿಗೆ ಥ್ಯಾಂಕ್ಸ್ ಹೇಳುವ ವಾಡಿಕೆಯಿಲ್ಲ. ಹೇಳಿದರೆ, “ಏನಾಯ್ತೇ ನಿನಗೆ, ಮತ್ತೆ ಜ್ವರವಾ?” ಅಂತಾರೆ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಯುಗಾದಿಗೆ ಬೇವಿನ ಹೂ ಅವರೇ ಕೊಯ್ದು ತರಲಿ. ಪಂಗುನಿ ಉತ್ಸವದ ಎಂಟನೇ ದಿನ ಅರುಬತ್ತಿ ಮೂವರ್ ಮೆರವಣಿಗೆ. ಅರವತ್ತಮೂರು ನಾಯನ್ಮಾರರನ್ನೂ ಬೀದಿಗೆ ತರುತ್ತಾರೆ; ಮನೆಮನೆಯವರು ಮಜ್ಜಿಗೆ ಹಂಚುತ್ತಾರೆ. ಆ ಹೊತ್ತಿಗೆ ಲೋಟ ಹಿಡಿಯುವಷ್ಟು ಬೆರಳು ಮಡಚಿದರೆ ಸಾಕು, ಇಬ್ಬರೂ ಹೋಗಿ ಬರುತ್ತೇವೆ.