ತಂಗಳನ್ನ

ಕಳೆದ ಮಳೆಗಾಲದ ಒಂದು ರಾತ್ರಿ ಕರೆಂಟು ಹೋಗಿ ಬಂತು. ನಮ್ಮ ಲ್ಯಾಬಿನ ಸರ್ವರುಗಳು ಎದ್ದವು. ಹೆಸರಿಗೆ ಐಪಿ ವಿಳಾಸ ಹುಡುಕಿಕೊಡುವ ಡಿಎನ್ಎಸ್ ಇನ್ನೂ ಎದ್ದಿರಲಿಲ್ಲ. ಉತ್ತರ ಬರದಿದ್ದರೆ ಅಂಥ ಯಂತ್ರವೇ ಇಲ್ಲವೆಂದುಕೊಂಡ ನನ್ನ ಸ್ಕ್ರಿಪ್ಟು, ಫೈರ್‌ವಾಲಿನಿಂದ ಎಲ್ಲವನ್ನೂ ಅಳಿಸಿಹಾಕಿತು. ಜೂನಿಯರ್ ಒಬ್ಬಳ ಆರು ದಿನಗಳ ಪ್ರಯೋಗ ನಡುವೆಯೇ ನಿಂತಿತು. ಅವಳು ಬೈಯಲಿಲ್ಲ, ಅದೇ ಕಷ್ಟವಾಯಿತು.

ಊರಿಗೆ ಹೋದಾಗ ಅಮ್ಮ ರಾತ್ರಿಯ ಅನ್ನಕ್ಕೆ ಒಗ್ಗರಣೆ ಹಾಕುತ್ತಿದ್ದಳು. "ಬಿಸಿ ಅನ್ನ ಆಗೋವರೆಗೂ ಹಸ್ಕೊಂಡಿರ್ತೀಯಾ?" ಅಂದಳು. 2020ರ ಆರ್‌ಎಫ್‌ಸಿ 8767 ಹೇಳುವುದೂ ಅದನ್ನೇ: ಹೊಸ ಉತ್ತರ ಸಿಗದಿದ್ದರೆ, ಅವಧಿ ಮೀರಿದ ಹಳೆಯದನ್ನೇ ಕೊಡಬಹುದು.

ಈಗ ನನ್ನ ಸ್ಕ್ರಿಪ್ಟು ಕೊನೆಯ ಸರಿಯುತ್ತರವನ್ನು ಡಿಸ್ಕಿನಲ್ಲಿ ತೆಗೆದಿಡುತ್ತದೆ. 'ಇಲ್ಲ' ಎಂಬ ಉತ್ತರವೇ ಬೇರೆ, ಉತ್ತರವೇ ಬಾರದಿರುವುದು ಬೇರೆ. ಇಷ್ಟು ತಿಳಿಯಲು ನನಗೆ ಅವಳ ಆರು ದಿನ ಬೇಕಾಯಿತು.